ಅಣ್ಣನ ಸಾವಿಗೆ ಬರೆದ ಕಾರಣ

ನಾನು ಗ್ರಾಮ ಲೆಕ್ಕಾಧಿಕಾರಿಯಾಗಿ ಸೊರಬ ತಾಲೂಕಿಗೆ ಬಂದಾಗ ಜಡೆ ಕಡೆಯ ಒಂದಷ್ಟು ಹಳ್ಳಿಗಳು ನನ್ನ ಪಾಲಿಗೆ ಬಂದವು. ಪಹಣಿ, ಪೋಡಿ, ಜಾತಿ ಆದಾಯದ ಪತ್ರಗಳ ಜೊತೆಗೆ ಆಗ ಹಳ್ಳಿಗಳ ಜನನ ಮರಣ ನೋಂದಣಿಯೂ ನಮ್ಮ ಕೈಯಲ್ಲೇ ಇತ್ತು. ಆಸ್ಪತ್ರೆಯಲ್ಲಿ ತೀರಿಕೊಂಡವರಿಗೆ ಡಾಕ್ಟರು ಬರೆದುಕೊಟ್ಟ ಚೀಟಿ ಇರುತ್ತದೆ. ಮನೆಯಲ್ಲಿ ತೀರಿಕೊಂಡವರಿಗೆ ಮನೆಯವರು ಬಂದು ಹೇಳಿದ್ದೇ ಕಾರಣ. ಅರ್ಜಿಯ ಕೊನೆಯಲ್ಲಿ ಇನ್ನೂ ನಾಲ್ಕು ಪ್ರಶ್ನೆಗಳಿರುತ್ತಿದ್ದವು. ತೀರಿಕೊಂಡವರು ಬೀಡಿ ಸಿಗರೇಟು ಸೇದುತ್ತಿದ್ದರೇ, ತಂಬಾಕು ಜಗಿಯುತ್ತಿದ್ದರೇ, ಅಡಿಕೆ ಜಗಿಯುತ್ತಿದ್ದರೇ, ಮದ್ಯ ಕುಡಿಯುತ್ತಿದ್ದರೇ, ಹೌದಾದರೆ ಎಷ್ಟು ವರ್ಷ.

ಮೂರನೆಯ ಪ್ರಶ್ನೆಯನ್ನು ಆ ಸೀಮೆಯಲ್ಲಿ ಕೇಳುವುದೇ ಕಷ್ಟವಾಗಿತ್ತು. ಊಟವಾದ ಮೇಲೆ ನೀರು ಕುಡಿಯುತ್ತಿದ್ದರೇ ಎಂದು ಕೇಳಿದ ಹಾಗೆ ಜನ ನನ್ನ ಮುಖ ನೋಡುತ್ತಿದ್ದರು.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಒಬ್ಬರು ಹಿರಿಯರು ತೀರಿಕೊಂಡರು. ಪಹಣಿ ತಿದ್ದುಪಡಿಗೆಂದು ಅವರ ಮನೆಗೆ ಹೋದಾಗ ನಾನು ಅವರನ್ನು ಕಣ್ಣಾರೆ ನೋಡಿದ್ದೆ. ಕೆನ್ನೆಯ ಒಂದು ಬದಿಗೆ ಟವೆಲ್ಲು ಒತ್ತಿಕೊಂಡು ಜಗಲಿಯ ಮೂಲೆಯಲ್ಲಿ ಕೂತಿದ್ದರು. ಟವೆಲ್ಲು ಜಾರಿದಾಗ ಕೆನ್ನೆಯಲ್ಲಿ ತೂತು ಬಿದ್ದದ್ದು ಕಂಡಿತು. ಅವರ ಮಗ ಸಾವು ಬರೆಸಲು ಬಂದಾಗ ಹೇಳಿದ್ದು ಬೇರೆ.

"ವಯಸ್ಸಾಗಿ ಹೋದ್ರು ಅಂತ ಬರೀರಿ ಮೇಡಂ."

"ಬಾಯಿಗೆ ಏನೋ ಆಗಿತ್ತಲ್ರೀ?"

"ಅದು ಹುಣ್ಣು. ಹುಣ್ಣು ಯಾರಿಗೆ ಆಗಲ್ಲ ಹೇಳಿ? ನಮ್ಮನೇಲಿ ಇನ್ನೂ ಇಬ್ರು ತಂಗೀರಿದಾರೆ ಮೇಡಂ, ನಿಮಗೆ ಗೊತ್ತಾಗಲ್ವ?"

ನನಗೆ ಗೊತ್ತಾಯಿತು. ನಾನೂ ಹಳ್ಳಿಯಲ್ಲೇ ಬೆಳೆದವಳು. ಅಪ್ಪನಿಗೆ ಆ ಕಾಯಿಲೆ ಇತ್ತೆಂದರೆ ಹೆಣ್ಣು ಕೇಳಲು ಬಂದವರು ಅಂಗಳದಿಂದಲೇ ವಾಪಸು ಹೋಗುತ್ತಾರೆ. ವಯೋಸಹಜ ಎಂದು ಬರೆದೆ. ಅಡಿಕೆಯ ಪ್ರಶ್ನೆ ಕೇಳಿದಾಗ ಅವನು, "ಕವಳ ಎಲ್ರೂ ಹಾಕ್ತಾರಲ್ಲ, ಎಲೆ ಅಡಿಕೆ ಹಾಕೋದೂ ಒಂದು ಚಟನಾ ಮೇಡಂ?" ಎಂದ. ಇಲ್ಲ ಎಂದು ಬರೆದೆ. ಅವನು ಕೈ ಮುಗಿದು ಹೋದ. ಯಾರಿಗೋ ಉಪಕಾರ ಮಾಡಿದ ಸಮಾಧಾನ ನನಗೆ ಆ ದಿನವೆಲ್ಲ ಇತ್ತು. ಆಮೇಲೆ ಹಾಗೆ ಬಂದವರಿಗೆಲ್ಲ ಹಾಗೆಯೇ ಬರೆದುಕೊಟ್ಟೆ. ನಾನು ಮನುಷ್ಯತ್ವ ಇರುವ ಹೆಂಗಸು ಎಂಬ ಮಾತು ಹಳ್ಳಿಗಳಲ್ಲಿ ಹಬ್ಬಿತು. ಅದು ನನ್ನ ಕಿವಿಗೂ ಬಿದ್ದು ಹಿತವಾಗಿತ್ತು.

ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಸೊರಬದಲ್ಲಿ ನಮ್ಮನ್ನೆಲ್ಲ ಒಂದು ಸಭೆಗೆ ಕರೆದರು. ಜಿಲ್ಲೆಯ ಕಡೆಯಿಂದ ಒಬ್ಬ ಡಾಕ್ಟರಮ್ಮ ಬಂದಿದ್ದರು. ಸಣ್ಣ ವಯಸ್ಸು, ಮೆತ್ತಗಿನ ಮಾತು. ಕ್ಯಾನ್ಸರಿನಿಂದ ಸತ್ತ ಗಂಡಸರ ಲೆಕ್ಕವನ್ನು ತಾಲೂಕುವಾರು, ಹೋಬಳಿವಾರು ಬಣ್ಣ ಹಾಕಿ ಗೋಡೆಯ ಮೇಲೆ ತೋರಿಸಿದರು. ಶಿಕಾರಿಪುರದ ಕಡೆ ಬಣ್ಣ ವರ್ಷದಿಂದ ವರ್ಷಕ್ಕೆ ಗಾಢವಾಗುತ್ತಿತ್ತು. ಸೊರಬದ ನಮ್ಮ ಭಾಗದಲ್ಲಿ ತಿಳಿಯಾಗುತ್ತಾ ಬಂದು ಕೊನೆಗೆ ಬಿಳಿಯಾಗಿತ್ತು.

"ಪಕ್ಕಪಕ್ಕದ ತಾಲೂಕು. ಒಂದು ಕಡೆ ಏರ್ತಾ ಇದೆ, ಒಂದು ಕಡೆ ಇಳೀತಾ ಇದೆ. ಯಾಕಿರಬಹುದು?" ಎಂದು ಕೇಳಿದರು.

ನಮ್ಮವರು ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ಶಿಕಾರಿಪುರದಲ್ಲಿ ಗುಟ್ಕಾ ಜಾಸ್ತಿ ಎಂದ ಒಬ್ಬ. ಮೆಕ್ಕೆಜೋಳಕ್ಕೆ ಹೊಡೆಯುವ ಔಷಧಿ ಎಂದ ಇನ್ನೊಬ್ಬ. "ನಮ್ಮದು ಮಲೆನಾಡು ಗಾಳಿ ಮೇಡಂ" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದದ್ದಕ್ಕೆ ಎಲ್ಲರೂ ನಕ್ಕರು. ನಾನು ಗೋಡೆಯ ಮೇಲಿನ ವರ್ಷಗಳನ್ನು ನೋಡುತ್ತಿದ್ದೆ. ನಮ್ಮ ಹಳ್ಳಿಗಳು ತಿಳಿಯಾಗಲು ಶುರುವಾದದ್ದು ನಾನು ಅಲ್ಲಿ ಕೆಲಸಕ್ಕೆ ಬಂದ ವರ್ಷ.

ಸಭೆಯ ಕೊನೆಗೆ ಇನ್ನೊಂದು ವಿಷಯ ತಿಳಿಯಿತು. ಬಾಯಿ, ಗಂಟಲು ತಪಾಸಣೆ ಮಾಡುವ ವ್ಯಾನು ಒಂದೇ ಇದೆ. ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಗೆ ಮೊದಲು. ಹಾಗಾಗಿ ಆ ವರ್ಷ ಅದು ಶಿಕಾರಿಪುರದ ಕಡೆ ಓಡಾಡುತ್ತದೆ, ನಮ್ಮ ಕಡೆಗೆ ಆಮೇಲೆ ನೋಡೋಣ ಎಂದರು. ಟೀ ಕುಡಿಯುವಾಗ ನಾನು ಡಾಕ್ಟರಮ್ಮನ ಹತ್ತಿರ ಹೋಗಿ, ಮನೆಯವರು ಹೇಳಿದ್ದನ್ನೇ ನಾವು ಬರೆಯುವುದು, ಎಲ್ಲರೂ ನಿಜ ಹೇಳುವುದಿಲ್ಲ ಎಂದು ಅರ್ಧಂಬರ್ಧ ಹೇಳಿದೆ. ಅವರು ಲೋಟ ಕೆಳಗಿಟ್ಟು, "ನೀವು ಬರೆದಿದ್ದನ್ನೇ ನಾವು ನಂಬೋದು ಮೇಡಂ. ನಮಗೆ ಬೇರೆ ದಾರಿ ಇಲ್ಲ" ಎಂದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಅದಕ್ಕೇ ನನಗೆ ತಲೆ ಎತ್ತಲಾಗಲಿಲ್ಲ.

ಆ ದಿನದಿಂದ ನಾನು ಬದಲಾದೆ. ಸಾವು ಬರೆಸಲು ಬಂದವರನ್ನು ಕೂರಿಸಿಕೊಂಡು, ಆಸ್ಪತ್ರೆಯ ಕಾಗದ ಇದೆಯೇ ಎಂದು ಕೇಳತೊಡಗಿದೆ. ಇದ್ದರೆ ಅದರಲ್ಲಿದ್ದದ್ದನ್ನೇ ಬರೆದೆ. ಬೇಡ ಎಂದವರಿಗೆ ವ್ಯಾನಿನ ಕತೆ ಹೇಳಿದೆ. ಕೆಲವರು ಒಪ್ಪಿದರು. ಒಂದು ಮನೆಯವರು ಒಪ್ಪಲಿಲ್ಲ. ಗಂಟಲಿನ ಕಾಯಿಲೆಯಿಂದ ಹೋದ ತನ್ನ ಅಣ್ಣನ ಸಾವು ಬರೆಸಲು ಬಂದ ಒಬ್ಬ, ಅರ್ಜಿಯಲ್ಲಿ ನಾನು ಬರೆದದ್ದು ನೋಡಿ ನನ್ನ ಮೇಜಿನ ಮುಂದೆ ನಿಂತು ಕೂಗಾಡಿದ. "ನಮ್ಮ ಮನೆ ಮರ್ಯಾದೆ ಕಾಗದಕ್ಕೆ ಹಾಕಿ ಮಾರಿದ್ರಿ ನೀವು" ಎಂದ. ಜನ ಸೇರಿದರು. ಜಡೆಯಿಂದ ಹೋಗುವ ಬಸ್ಸುಗಳಲ್ಲಿ ಆ ಸುದ್ದಿ ಎಲ್ಲ ಕಡೆಗೂ ಹೋಯಿತು. ಶಿಕಾರಿಪುರದಲ್ಲಿದ್ದ ನನ್ನ ಅಣ್ಣನಿಗೂ ಗೊತ್ತಾಗಿ ಫೋನು ಮಾಡಿದ.

"ಏನವ್ವ, ಭಾಳ ಕಟ್ಟುನಿಟ್ಟು ಆಗೀಯಂತೆ?"

"ಸುಳ್ಳು ಬರೆದು ಸಾಕಾಗಿದೆ ಅಣ್ಣ. ಇನ್ನು ಯಾರಾದ್ರೂ ಸರಿ, ಇದ್ದದ್ದೇ ಬರೆಯೋದು."

ಅವನು, "ಸರಿ ಬಿಡು, ಒಳ್ಳೇದೇ" ಎಂದ. ಯಾರಾದರೂ ಸರಿ ಎಂದು ಅವತ್ತು ಯಾಕೆ ಅಂದೆನೋ ಗೊತ್ತಿಲ್ಲ. ಜಂಬಕ್ಕೆ ಅಂದಿರಬೇಕು.

ಅಣ್ಣನ ಬಗ್ಗೆ ಹೇಳಬೇಕು. ನಮ್ಮ ಊರು ಬಂದಳಿಕೆಯ ಕಡೆ. ಅಪ್ಪ ಬೇಗ ಹೋದ ಮೇಲೆ ಅಣ್ಣ ಓದು ಬಿಟ್ಟು ಶಿಕಾರಿಪುರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಕಲಿತ. ಸುಟ್ಟುಹೋದ ಮೋಟಾರಿನಿಂದ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವ ಕೆಲಸ. ಎಷ್ಟು ಸುತ್ತು ಆಯಿತೆಂಬ ಎಣಿಕೆ ತಪ್ಪಬಾರದು. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಎಂದು ಸುಣ್ಣ ತಿಕ್ಕಿದ ತಂಬಾಕನ್ನು ಎಡ ದವಡೆಗೆ ಇಟ್ಟುಕೊಂಡುಬಿಡುತ್ತಿದ್ದ. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಾಗಿಲ್ಲ. ಆಮೇಲೆ ತನ್ನದೇ ಅಂಗಡಿ ಇಟ್ಟು, ಅದರ ದುಡಿಮೆಯಲ್ಲೇ ನನ್ನನ್ನು ಕಾಲೇಜು ಓದಿಸಿದ. ಈ ಕೆಲಸದ ಪರೀಕ್ಷೆಗೆ ಶಿವಮೊಗ್ಗಕ್ಕೆ ತನ್ನ ಟಿವಿಎಸ್ ಗಾಡಿಯಲ್ಲೇ ಕರೆದುಕೊಂಡು ಹೋಗಿ, ಮೂರು ಗಂಟೆ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದ. ಹೊರಗೆ ಬಂದಾಗ ಹೇಗೆ ಬರೆದೆ ಎಂದು ಕೇಳಲಿಲ್ಲ. "ಹಸಿವಾಗಿರಬೇಕು, ನಡಿ" ಎಂದ. ನನ್ನ ಮದುವೆಯಾದ ಮೇಲೂ ಪ್ರತಿ ಪಂಚಮಿ ಹಬ್ಬಕ್ಕೆ ಕರೆಯಲು ತಾನೇ ಬರುತ್ತಿದ್ದ. ಒಂದು ವರ್ಷವೂ ತಪ್ಪಿಸಿರಲಿಲ್ಲ.

ಸೊರಬಕ್ಕೆ ಬರದ ಆ ವ್ಯಾನು ಶಿಕಾರಿಪುರಕ್ಕೆ ಬಂತು. ಅಣ್ಣನ ಅಂಗಡಿಯಿಂದ ನಡೆದುಹೋಗುವಷ್ಟು ದೂರದಲ್ಲಿ ನಿಂತಿದೆ ಎಂದು ಅಲ್ಲಿದ್ದ ಗೆಳತಿಯೊಬ್ಬಳು ಹೇಳಿದಳು. ಕೂಡಲೇ ಅಣ್ಣನಿಗೆ ಫೋನು ಮಾಡಿ, ಇವತ್ತೇ ಹೋಗಿ ಬಾಯಿ ತೋರಿಸಿಕೊಂಡು ಬಾ ಎಂದೆ. ಎರಡು ದಿನ ಬಿಟ್ಟು ಮತ್ತೆ ಕೇಳಿದೆ.

"ಹೋಗಿದ್ದೆ ಕಣವ್ವ. ಲೈಟು ಹಾಕಿ ನೋಡಿದ್ರು. ಎಲ್ಲಾ ಸರಿ ಐತಂತೆ."

"ತಂಬಾಕು?"

"ಬಿಡ್ರಿ ಅಂದ್ರು. ಬಿಟ್ಟೀನಿ."

ನಾನು ನಂಬಿದೆ. ಅಣ್ಣ ನನಗೆ ಸುಳ್ಳು ಹೇಳಬಹುದು ಎಂಬ ಯೋಚನೆ ನನ್ನ ತಲೆಗೆ ಬರುವಂಥದೇ ಆಗಿರಲಿಲ್ಲ. ಆ ತಿಂಗಳ ಕೊನೆಗೆ ನಾಲ್ಕು ಜನರ ಮುಂದೆ, ನಮ್ಮಣ್ಣನೂ ತಪಾಸಣೆ ಮಾಡಿಸಿಕೊಂಡು ತಂಬಾಕು ಬಿಟ್ಟ, ನೀವೂ ಬಿಡಿ ಎಂದು ಭಾಷಣ ಮಾಡಿದ್ದೂ ಉಂಟು.

ಆ ವರ್ಷ ಪಂಚಮಿಗೆ ಅಣ್ಣ ಬರಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ, ಉಂಡೆ ಕಳಿಸುತ್ತೇನೆ ಎಂದ. ಮಾತು ದಪ್ಪ ದಪ್ಪ ಕೇಳಿಸುತ್ತಿತ್ತು. ಹಲ್ಲು ಕೀಳಿಸಿದೆ ಎಂದ. ಆಮೇಲೆ ಫೋನು ಮಾಡಿದಾಗಲೆಲ್ಲ ಅತ್ತಿಗೆಯೇ ತೆಗೆಯತೊಡಗಿದರು. ಸ್ನಾನಕ್ಕೆ ಹೋಗಿದಾರೆ, ಮಲಗಿದಾರೆ, ಫೋನು ಮನೇಲೇ ಬಿಟ್ಟು ಹೋಗಿದಾರೆ. ನನ್ನ ಮಗಳ ಪರೀಕ್ಷೆ, ಕಚೇರಿಯ ಕೆಲಸ ಎಂದು ನಾನೂ ಹೋಗಲಿಲ್ಲ. ಒಂದು ಶನಿವಾರ ಮನಸ್ಸು ತಡೆಯದೆ ಶಿಕಾರಿಪುರದ ಬಸ್ಸು ಹತ್ತಿದೆ. ಅಂಗಡಿಯ ಶಟರು ಇಳಿದಿತ್ತು. ಪಕ್ಕದ ಸೈಕಲ್ ಅಂಗಡಿಯವರು ಅಣ್ಣನ ಇಪ್ಪತ್ತು ವರ್ಷದ ಸ್ನೇಹಿತರು. ಅವರು ಟ್ಯೂಬಿಗೆ ಗಾಳಿ ಹಾಕುತ್ತಲೇ, "ಸಾಮಾನು ತರಾಕೆ ಹುಬ್ಬಳ್ಳಿಗೆ ಹೋಗ್ಯಾರ್ರೀ. ಮನೆಯವರೂ ಜೊತೆಗೆ ಹೋದ್ರು, ಅಲ್ಲಿಂದ ಹಂಗೇ ಮಠಕ್ಕೆ ಹೋಗಿ ಬರ್ತಾರಂತೆ" ಎಂದರು. ನನ್ನ ಕಡೆ ತಿರುಗಿ ನೋಡಲಿಲ್ಲ. ಕೆಲಸದಲ್ಲಿದ್ದಾರೆ ಅಂದುಕೊಂಡೆ. ಟೀ ತರಿಸಿಕೊಟ್ಟರು. ಕುಡಿದು ವಾಪಸು ಬಂದೆ.

ನಿಜ ನನಗೆ ತಿಳಿದದ್ದು ನನ್ನ ಕಚೇರಿಯ ಮೇಜಿನ ಮೇಲೆ. ಕುಬಟೂರಿನ ಆಚೆಯ ಹಳ್ಳಿಯ ಒಬ್ಬ ರೈತ ನನ್ನ ಪಾಲಿನ ಹಳ್ಳಿಯಲ್ಲಿದ್ದ ತನ್ನ ಜಮೀನಿನ ಪಹಣಿಗೆ ಬಂದಿದ್ದ. ಅವನ ಊರೇ ನಮ್ಮ ಅತ್ತಿಗೆಯ ತವರೂರು. ಕಾಗದ ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಾ ಅವನು ಕೇಳಿದ.

"ನಿಮ್ಮಣ್ಣೋರು ಈಗ ಹೆಂಗಿದಾರೆ ಮೇಡಂ?"

"ಚೆನ್ನಾಗಿದಾರೆ. ನಿಮಗೆ ಗೊತ್ತಾ?"

ಅವನು ಗೊಂದಲದಿಂದ ನನ್ನ ಮುಖ ನೋಡಿದ. "ಎರಡು ತಿಂಗಳಿಂದ ನಮ್ಮೂರಲ್ಲೇ ಇದಾರಲ್ಲ. ನಿನ್ನೆ ನೀರೂ ಇಳೀತಿಲ್ಲ ಅಂತಿದ್ರು. ಅದಕ್ಕೆ ಕೇಳ್ದೆ."

ನಾನು ಕೂತಿದ್ದ ಕುರ್ಚಿಯಿಂದ ಆ ಊರಿಗೆ ಅರ್ಧ ಗಂಟೆಯ ದಾರಿ. ಎರಡು ತಿಂಗಳು ದಿನಾ ಬೆಳಿಗ್ಗೆ ನಾನು ಆ ಕುರ್ಚಿಗೆ ಬಂದು ಕೂತು, ಸಂಜೆ ಎದ್ದು ಸೊರಬದ ನನ್ನ ಮನೆಗೆ ಹೋಗಿದ್ದೆ. ಬೇರೆಯವರ ಬೈಕು ಕೇಳಿ ತಗೊಂಡು ಹೋದೆ.

ಅತ್ತಿಗೆಯ ತವರುಮನೆಯ ನಡುಕೋಣೆಯಲ್ಲಿ ಮಂಚದ ಮೇಲೆ ಅಣ್ಣ ಒರಗಿಕೊಂಡಿದ್ದ. ಹಣೆಯಲ್ಲಿ ವಿಭೂತಿ, ಮುಖದ ಕೆಳಭಾಗಕ್ಕೆ ಬಿಳಿ ಬಟ್ಟೆ. ಮೂಗಿನಿಂದ ನಳಿಗೆ ಇಳಿಬಿಟ್ಟಿದ್ದರು. ನನ್ನನ್ನು ಕಂಡು ಎದ್ದು ಕೂರಲು ನೋಡಿದ. ನಾಲಿಗೆಯ ಅರ್ಧ ತೆಗೆದಿದ್ದರು. ಮಾತು ಇರಲಿಲ್ಲ. ಅಂಗಡಿಯ ಬಿಲ್ ಪುಸ್ತಕ ಪಕ್ಕದಲ್ಲಿತ್ತು, ಅದರ ಹಿಂಬದಿಯಲ್ಲಿ ಬರೆದು ತೋರಿಸುತ್ತಿದ್ದ. ಅಂದು ಅದರಲ್ಲಿ ಬರೆದದ್ದು, "ಊಟ ಆಯ್ತಾ?"

"ಯಾಕೆ ಹೇಳಲಿಲ್ಲ?" ಎಂದೆ.

ಪೆನ್ನು ಎತ್ತಿಕೊಂಡ. ಆಮೇಲೆ ಪೆನ್ನು ಬಿಲ್ ಪುಸ್ತಕದ ಮೇಲೆ ಇಟ್ಟು ಕಣ್ಣು ಮುಚ್ಚಿಕೊಂಡ.

ಉತ್ತರ ಕೊಟ್ಟದ್ದು ಅತ್ತಿಗೆ. ಹಿತ್ತಲಿಗೆ ಕರೆದುಕೊಂಡು ಹೋಗಿ ನೀರಿನ ತೊಟ್ಟಿಯ ಹತ್ತಿರ ನಿಂತು ಎಲ್ಲವನ್ನೂ ಹೇಳಿದರು. ವ್ಯಾನಿನವರು ಅವತ್ತೇ ಬೆರಳಿಟ್ಟು ತೋರಿಸಿದ್ದರಂತೆ, ನಾಲಿಗೆಯ ಪಕ್ಕದಲ್ಲಿ. ತಡ ಮಾಡಬೇಡಿ ಅಂದಿದ್ದರಂತೆ. ಆಸ್ಪತ್ರೆಯ ಕಾಗದ ಅಂಗಡಿಗೆ ಬರಬಾರದೆಂದು ಅಣ್ಣ ಅಲ್ಲಿ ಶಿಕಾರಿಪುರದ ವಿಳಾಸ ಕೊಡದೆ ಮಾವನ ಮನೆಯ ವಿಳಾಸ ಕೊಟ್ಟಿದ್ದ. ನಾಲ್ಕು ತಿಂಗಳು ಯಾರದೋ ಔಷಧಿ ಪುಡಿ ತಿಂದು, ಕೊನೆಗೆ ದೂರದ ಆಸ್ಪತ್ರೆಗೆ ಹೋಗಿದ್ದ. ಹೊತ್ತು ಮೀರಿತ್ತು.

"ನಮ್ಮ ಮಗಳಿಗೆ ಹೊನ್ನಾಳಿ ಕಡೆ ಗಂಡು ಗೊತ್ತಾಗಿತ್ತು. ನಿನಗೆ ಹೇಳಿದ್ರೆ ನೀ ಬರೀತೀ ಅಂದ್ರು ನಿಮ್ಮಣ್ಣ. ಯಾರಾದ್ರೂ ಸರಿ ಬರೀತೀನಿ ಅಂದಿದ್ಯಂತೆ. ನಿನಗೆ ಗೊತ್ತಾಗಬಾರದು ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು."

"ಮತ್ತೆ ಯಾರಿಗೆಲ್ಲ ಗೊತ್ತಿತ್ತು?"

ಅತ್ತಿಗೆ ಸೆರಗಿನ ತುದಿ ಹಿಂಡುತ್ತಾ ನಿಂತರು. ಸೈಕಲ್ ಅಂಗಡಿಯವರು ಯಾಕೆ ಮುಖ ಎತ್ತಲಿಲ್ಲ ಎಂದು ಆಗ ಹೊಳೆಯಿತು.

ಕೋಣೆಗೆ ವಾಪಸು ಬಂದು ಅಣ್ಣನ ಮಗ್ಗುಲಲ್ಲಿ ಕೂತೆ. ಅಳು ಬರಲಿಲ್ಲ. ಸಿಟ್ಟು ಬರುತ್ತಿತ್ತು, ಆ ಸ್ಥಿತಿಯಲ್ಲಿದ್ದವನ ಮೇಲೆ ಸಿಟ್ಟು ಬರುತ್ತಿದೆಯಲ್ಲ ಎಂದು ನನ್ನ ಮೇಲೂ ಬರುತ್ತಿತ್ತು. ಅಣ್ಣ ಕೈ ಚಾಚಿ ನನ್ನ ಬೆರಳು ಹಿಡಿದುಕೊಂಡ. ನಾನು ಬಿಡಿಸಿಕೊಳ್ಳಲಿಲ್ಲ, ಆದರೆ ಹಿಡಿಯಲೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಅವನು ಹೋದ. ಶವವನ್ನು ಊರಿಗೆ ತಂದು ನಮ್ಮ ಹೊಲದಲ್ಲಿ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಸಾವು ಎಲ್ಲಿ ಆಗುತ್ತದೋ ಅಲ್ಲೇ ಬರೆಸಬೇಕು. ಅಣ್ಣ ಹುಟ್ಟಿದ್ದು, ದುಡಿದದ್ದು, ತಂಬಾಕು ತಿಂದದ್ದು ಶಿಕಾರಿಪುರ ತಾಲೂಕಿನಲ್ಲಾದರೂ ಸತ್ತದ್ದು ಸೊರಬ ತಾಲೂಕಿನಲ್ಲಿ. ಆ ಹಳ್ಳಿ ನನ್ನ ಪಾಲಿನದಲ್ಲ, ಬೇರೊಬ್ಬ ಸಹೋದ್ಯೋಗಿಯದು. ಸಭೆಗಳಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವರು. ಗೋಡೆಯ ಮೇಲಿನ ಬಣ್ಣಗಳನ್ನು ನಾವಿಬ್ಬರೂ ಒಟ್ಟಿಗೇ ನೋಡಿದ್ದೆವು. ಹದಿನೈದು ದಿನ ಬಿಟ್ಟು ಅವರ ಕಚೇರಿಗೆ ಹೋಗಿ, ಅಣ್ಣನದನ್ನು ತೋರಿಸಿ ಎಂದೆ. ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಸಾವಿನ ಕಾರಣ, ಹೃದಯಾಘಾತ. ತಂಬಾಕು, ಇಲ್ಲ. ಅಡಿಕೆ, ಇಲ್ಲ.

"ನಿಮಗೆ ಗೊತ್ತಿತ್ತು ಅಲ್ವ ಸರ್?"

"ಗೊತ್ತಿತ್ತು ಮೇಡಂ. ನಿಮ್ಮ ಅತ್ತಿಗೆ ಬಂದು ಕಾಲು ಹಿಡಿಯಕ್ಕೆ ಬಂದ್ರು. ನಾನೇನು ಮಾಡ್ಲಿ? ಮೊದ್ಲು ನೀವೂ ಹಿಂಗೇ ಮಾಡಿಕೊಡ್ತಿದ್ರಲ್ಲ" ಎಂದರು. ಕುಹಕದಿಂದ ಹೇಳಿದ್ದಲ್ಲ. ನಾನು ಎದ್ದು ಬಂದೆ.

ಅಣ್ಣನ ಮಗಳ ಮದುವೆ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಬೇಕೆಂದು ನಿರ್ಧರಿಸಿದೆ. ಆ ಹುಡುಗಿಯ ತಪ್ಪು ಏನೂ ಇರಲಿಲ್ಲ. ವರ್ಷದೊಳಗೆ ಮದುವೆ ಮಾಡಿಬಿಡಬೇಕೆಂದು ಹಿರಿಯರು ಅಂದದ್ದರಿಂದ ಐದು ತಿಂಗಳಿಗೇ ಶಿಕಾರಿಪುರದಲ್ಲಿ ಮದುವೆಯಾಯಿತು. ಸೋದರತ್ತೆಯಾಗಿ ನಾನು ಎಲ್ಲದಕ್ಕೂ ಮುಂದೆ ನಿಂತೆ. ಊಟದ ಸಾಲಿನಲ್ಲಿ ಹುಡುಗನ ತಂದೆ ನನ್ನ ಪಕ್ಕಕ್ಕೆ ಬಂದು ಕೂತರು. ಹೊನ್ನಾಳಿ ಕಡೆಯ ಸಮಾಧಾನದ ಮನುಷ್ಯ. ಅಣ್ಣನ ಮಾತು ಬಂತು. ನಾನು ಕಲಿತಿದ್ದ ಸುಳ್ಳನ್ನು ಒಪ್ಪಿಸಿದೆ.

"ಹಾರ್ಟಿನದು ರೀ. ಏಕಾಏಕಿ ಆಯ್ತು."

ಅವರು ತುತ್ತು ನಿಲ್ಲಿಸಿ ಮೆಲ್ಲಗೆ ಹೇಳಿದರು. "ನಮ್ಮ ಮುಂದೆ ಯಾಕ್ರೀ ಅಕ್ಕಾರೆ. ನಿಮ್ಮಣ್ಣಾರು ಆಪರೇಷನ್‌ಗೆ ಮುಂಚೆ ತಾವೇ ನಮ್ಮನೆಗೆ ಬಂದು ಹೇಳಿ ಹೋಗಿದ್ರು. ಬ್ಯಾಡ ಅಂದ್ರೆ ಈಗಲೇ ಬ್ಯಾಡ ಅನ್ರಿ ಅಂದ್ರು. ನಮ್ಮಪ್ಪಾರೂ ಅದರಲ್ಲೇ ಹೋದದ್ದು. ನಾವು ಯಾರಿಗಂತ ಬ್ಯಾಡ ಅನ್ನೋಣ?"

ನನ್ನ ಎಲೆಯ ಮೇಲೆ ಬಡಿಸಿದ್ದು ಹಾಗೇ ಉಳಿಯಿತು. ಯಾರಿಂದ ಮುಚ್ಚಿಡಬೇಕೆಂದು ನಮ್ಮ ಮನೆಯವರು ಅಷ್ಟು ಕಷ್ಟಪಟ್ಟರೋ ಆ ಮನೆಗೆ ಅಣ್ಣನೇ ಹೋಗಿ ಹೇಳಿದ್ದ. ಸೈಕಲ್ ಅಂಗಡಿಗೆ ಗೊತ್ತಿತ್ತು, ಅತ್ತಿಗೆಯ ಊರಿಗೆ ಗೊತ್ತಿತ್ತು, ನನ್ನ ಸಹೋದ್ಯೋಗಿಗೆ ಗೊತ್ತಿತ್ತು, ಬೀಗರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನಗೆ ಮತ್ತು ಸರ್ಕಾರದ ಕಾಗದಕ್ಕೆ. ಗುರುತಿಲ್ಲದ ಬೀಗರ ಮುಂದೆ ತೆರೆದುಕೊಳ್ಳಲು ಧೈರ್ಯವಿದ್ದ ಅಣ್ಣನಿಗೆ ನನ್ನ ಮುಂದೆ ಇರಲಿಲ್ಲ. ಬೀಗರು ಹೆಚ್ಚೆಂದರೆ ಮದುವೆ ಬೇಡ ಅನ್ನಬಹುದಿತ್ತು ಅಷ್ಟೇ. ನನ್ನಿಂದ ಅವನು ಅದಕ್ಕಿಂತ ಕೆಟ್ಟದ್ದೇನು ನಿರೀಕ್ಷಿಸಿದ್ದ ಎಂದು ಇವತ್ತಿಗೂ ಯೋಚಿಸುತ್ತೇನೆ.

ಮದುವೆಯಾಗಿ ಒಂದು ತಿಂಗಳಿಗೆ ನಾನು ತಿದ್ದುಪಡಿಯ ಅರ್ಜಿ ಬರೆದು ಅತ್ತಿಗೆಯ ಹತ್ತಿರ ಹೋದೆ. ಅವರ ಸಹಿ, ಆಸ್ಪತ್ರೆಯ ಕಾಗದ ಎರಡೂ ಬೇಕಾಗಿದ್ದವು. ಅತ್ತಿಗೆ ಅರ್ಜಿಯನ್ನು ಎರಡು ಸಲ ಓದಿದರು.

"ಕಾಗದ ಇಲ್ಲವ್ವ. ಹಾಸಿಗೆ ಸುಟ್ಟ ದಿನ ಅದನ್ನೂ ಹಾಕಿಬಿಟ್ಟೆ."

"ಬೀಗರಿಗೆ ಗೊತ್ತಿತ್ತಂತಲ್ಲ ಅತ್ತಿಗೆ. ಹಂಗಿದ್ದ ಮೇಲೆ ನನ್ನಿಂದ ಯಾಕೆ?"

ಅವರು ಅರ್ಜಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಆಮೇಲೆ ಹೇಳಿದರು. "ಅವರು ಬೀಗರ ಮನೆಗೆ ಹೋಗಿದ್ದು ನನಗೂ ಗೊತ್ತಿರಲಿಲ್ಲ. ಮದುವೆ ದಿನವೇ ಗೊತ್ತಾಗಿದ್ದು. ನನ್ನ ಕೈಲಿ ಆಣೆ ಹಾಕಿಸ್ಕೊಂಡು, ತಾನೇ ಹೋಗಿ ಹೇಳಿ ಬಂದಾರೆ ನೋಡು."

ಆ ಕ್ಷಣ ನಾವಿಬ್ಬರೂ ಒಂದೇ ಕಡೆ ನಿಂತವರಂತೆ ಕಂಡೆವು. ಆದರೆ ಅತ್ತಿಗೆ ಸಹಿ ಮಾಡಲಿಲ್ಲ. ಆದದ್ದು ಆಯಿತು, ಅವರ ಹೆಸರು ಇನ್ನೆಲ್ಲೂ ಎಳೆಯುವುದು ಬೇಡ ಎಂದರು. ಅರ್ಜಿಯನ್ನು ಮಡಚಿ ನನ್ನ ಕೈಗೆ ಕೊಟ್ಟು ಕಾಫಿ ಮಾಡಲು ಒಳಗೆ ಹೋದರು. ದೂರದ ಆಸ್ಪತ್ರೆಗೆ ಬರೆದು ಕಾಗದದ ಪ್ರತಿ ಕೇಳಿದೆ. ಹೆಂಡತಿಯ ಒಪ್ಪಿಗೆ ಇಲ್ಲದೆ ಕೊಡುವುದಿಲ್ಲ ಎಂದು ಉತ್ತರ ಬಂತು. ಅಲ್ಲಿಗೆ ಅದು ನಿಂತಿತು.

ಈಗ ಆ ನೋಂದಣಿ ಕೆಲಸ ನನ್ನ ಕೈಯಲ್ಲಿಲ್ಲ. ಅತ್ತಿಗೆ ಹಬ್ಬಕ್ಕೆ ಕರೆಯುತ್ತಾರೆ, ಕೆಲವು ಸಲ ಹೋಗುತ್ತೇನೆ. ಸತ್ತವರ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುತ್ತೀ ಎಂದು ನನ್ನ ಗಂಡ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಅಣ್ಣ ಬದುಕಿದ್ದಿದ್ದರೆ ಒಂದು ದಿನ ಜಗಳವಾಡಿ, ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಸರಿಹೋಗುತ್ತಿದ್ದೆ. ಆ ಜಗಳಕ್ಕೆ ಅವನು ನನಗೆ ಸಮಯ ಕೊಡಲಿಲ್ಲ.